ಕೇಪಿನ ಪಿಸ್ತೂಲು ಕಟ್ಟುವುದು: ಹಳೆಯದು ಅಂದರೆ ಯಾವ ಹಳೆಯದು?

ನಮ್ಮ ಕಡೆ, ಅಂದರೆ ತೀರ್ಥಹಳ್ಳಿ ಸುತ್ತಮುತ್ತ, ಕೋವಿಯಲ್ಲಿ ಎರಡೇ ಜಾತಿ. ಒಂದು ತೋಟಾ ಕೋವಿ, ಇನ್ನೊಂದು ಕೇಪಿನ ಕೋವಿ. ತೋಟಾ ಕೋವಿ ದೊಡ್ಡ ಮನೆಯವರದು. ಕೇಪಿನ ಕೋವಿ ನಮ್ಮಂಥವರದು, ಗದ್ದೆಗೆ ಬೀಳುವ ಹಂದಿ ಕಾಯಲಿಕ್ಕೆ ಲೈಸೆನ್ಸ್ ಮಾಡಿಸಿಕೊಂಡದ್ದು. ಚುನಾವಣೆ ಬಂತೆಂದರೆ ಅಜ್ಜ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದರು. ಚುನಾವಣೆ ಮುಗಿದ ಮೇಲೆ ವಾಪಸ್. ಮಕ್ಕಳು ಅದನ್ನು ದೂರದಿಂದ ನೋಡಬಹುದಿತ್ತು, ಅಷ್ಟೇ.

ಈಗ ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾದವರು. ಒಂದು ಚಳಿಗಾಲ ಅವರ ಗ್ಯಾರೇಜಿಗೆ ಹೋದಾಗ ಮೇಜಿನ ಮೇಲೆ ಒಂದು ಕಬ್ಬಿಣದ ನಳಿಗೆ, ಒಂದು ಮರದ ತುಂಡು, ಒಂದಿಷ್ಟು ಹಿತ್ತಾಳೆ ಸಾಮಾನು, ಪ್ಲಾಸ್ಟಿಕ್ ಚೀಲದಲ್ಲಿ ಸ್ಕ್ರೂಗಳು. ಏನಿದು ಅಂದೆ. "ಪಿಸ್ತೂಲು, 1840ರದ್ದು" ಅಂದರು. ಅಜ್ಜನ ಕೋವಿಯ ಮೇಲಿದ್ದ ಅದೇ ಹ್ಯಾಮರ್, ಅದೇ ಕೇಪು ಕೂರುವ ಮೊಳೆ. ಮುಂದಿನ ಚಳಿಗಾಲ ನಾನೂ ಒಂದನ್ನು ಕಟ್ಟಿದೆ.

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಊರಲ್ಲಿ ಯಾರೂ ಕೈಹಾಕಬೇಡಿ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸುವುದು ಅಪರಾಧ, ಕೇಪಿನದ್ದಾದರೂ ಅಷ್ಟೇ. ಕೊಡಗಿನವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಕೋವಿ ಇಟ್ಟುಕೊಳ್ಳಲಿಕ್ಕೆ, ಮಾಡಲಿಕ್ಕೆ ಅಲ್ಲ. ಅಮೆರಿಕದಲ್ಲಿ 1968ರ ಗನ್ ಕಂಟ್ರೋಲ್ ಆ್ಯಕ್ಟ್ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆ ಮಾದರಿಯ ಕೋವಿಯನ್ನು 'ಆಂಟಿಕ್' ಅಂತ ಬೇರೆಯಾಗಿ ನೋಡುತ್ತದೆ. ಹಾಗಾಗಿ ಅಲ್ಲಿ ಇದೊಂದು ಹವ್ಯಾಸ. ಅಲ್ಲೂ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ.

ಸರಿ, ಈ ಕೇಪು ಅಂದರೆ ಏನು? ದೀಪಾವಳಿಯಲ್ಲಿ ಕೇಪಿನ ಪಿಸ್ತೂಲು ಹೊಡೆದವರಿಗೆ ಅರ್ಧ ಪಾಠ ಆಗಲೇ ಗೊತ್ತು. ಬೆಂಕಿಕಡ್ಡಿ ಬೇಡ, ಬತ್ತಿ ಬೇಡ. ಒಂದು ಏಟು ಬಿದ್ದರೆ ಸಾಕು, ಪಟ್ ಅಂತ ಕಿಡಿ. ಕಾಗದದ ಬದಲು ಪುಟ್ಟ ತಾಮ್ರದ ಟೊಪ್ಪಿ ಊಹಿಸಿಕೊಳ್ಳಿ. ಟೊಪ್ಪಿಯ ಒಳಗಡೆ ಏಟಿಗೆ ಸಿಡಿಯುವ ಮದ್ದಿನ ಒಂದು ಚುಕ್ಕೆ. ಅದೇ ಕೇಪು.

ಅದಕ್ಕೆ ಮೊದಲು ಇದ್ದದ್ದು ಚಕಮಕಿ ಕೋವಿ. ಹ್ಯಾಮರ್ ಬಾಯಲ್ಲಿ ಕಲ್ಲಿನ ಚೂರು. ಅದು ಉಕ್ಕಿಗೆ ಉಜ್ಜಿ ಕಿಡಿ ಹಾರಿಸಬೇಕು. ಕಿಡಿ ಪಕ್ಕದ ಬಟ್ಟಲಿನ ಮದ್ದಿಗೆ ಬೀಳಬೇಕು. ಅಲ್ಲಿಂದ ಸಣ್ಣ ತೂತಿನ ಮೂಲಕ ಬೆಂಕಿ ಒಳಗೆ ಹೋಗಬೇಕು. ಮಳೆ ಬಂದರೆ ಬಟ್ಟಲು ಒದ್ದೆ, ಕತೆ ಮುಗಿಯಿತು. ಮಳೆ ಇಲ್ಲದಿದ್ದರೂ ಬಟ್ಟಲಿನ ಬೆಳಕಿಗೂ ಗುಂಡು ಹೊರಡುವುದಕ್ಕೂ ನಡುವೆ ಒಂದು ಸಣ್ಣ ತಡ ಇರುತ್ತಿತ್ತು.

ಈ ತಡದಿಂದ ತಲೆ ಕೆಡಿಸಿಕೊಂಡವರು ಒಬ್ಬ ಪಾದ್ರಿ. ಸ್ಕಾಟ್ಲೆಂಡಿನ ಅಬರ್ಡೀನ್ ಹತ್ತಿರದ ಬೆಲ್‌ಹೆಲ್ವಿ ಎಂಬ ಊರಿನ ಅಲೆಕ್ಸಾಂಡರ್ ಜಾನ್ ಫೋರ್ಸೈತ್. ಅವರಿಗೆ ಕಾಡುಬಾತು ಹೊಡೆಯುವ ಚಟ. ಬಟ್ಟಲು ಮಿಂಚಿದ ಕೂಡಲೇ ಹಕ್ಕಿ ಎಚ್ಚೆತ್ತು ಹಾರಿಬಿಡುತ್ತಿತ್ತು. 1800ರಲ್ಲಿ ಎಡ್ವರ್ಡ್ ಹೋವರ್ಡ್ ಎಂಬ ಇಂಗ್ಲಿಷ್ ರಸಾಯನ ವಿಜ್ಞಾನಿ ಪಾದರಸದ ಫಲ್ಮಿನೇಟ್ ಬಗ್ಗೆ ಬರೆದಿದ್ದರು. ಅದು ಏಟಿಗೇ ಸಿಡಿಯುವ ವಸ್ತು. ಇಂಥ ಮದ್ದನ್ನು ಕೋವಿ ಹೊತ್ತಿಸಲು ಬಳಸುವ ಉಪಾಯಕ್ಕೆ ಫೋರ್ಸೈತ್ 1807ರಲ್ಲಿ ಪೇಟೆಂಟ್ ತೆಗೆದುಕೊಂಡರು. ಆದರೆ ಅವರದು ಇನ್ನೂ ಕೇಪಲ್ಲ. ಸುಗಂಧದ ಬಾಟಲಿಯ ಆಕಾರದ ಒಂದು ಡಬ್ಬಿ, ತಿರುಗಿಸಿದರೆ ಚೂರು ಮದ್ದು ಬೀಳುತ್ತಿತ್ತು. ತಾಮ್ರದ ಟೊಪ್ಪಿಯನ್ನು ಮೊದಲು ಮಾಡಿದವರು ತಾವೇ ಎಂದು ಹೇಳಿಕೊಂಡವರು ಹಲವರು. ಇಂಗ್ಲೆಂಡಿನಿಂದ ಫಿಲಡೆಲ್ಫಿಯಾಕ್ಕೆ ಹೋದ ಜೋಶುವಾ ಶಾ ಎಂಬ ಚಿತ್ರಕಾರರೂ ಅದರಲ್ಲಿ ಒಬ್ಬರು. ಅಮೆರಿಕದಲ್ಲಿ ಅವರ ಪೇಟೆಂಟ್ 1822ರದ್ದು. ಪಾದ್ರಿ, ಚಿತ್ರಕಾರ! ಕೋವಿ ಮಾಡುವವರು ಎಲ್ಲಿದ್ದರೋ.

ಬಿಡಿಭಾಗಗಳಿಗೆ ಬರೋಣ. ಇಂಗ್ಲಿಷಿನಲ್ಲಿ 'ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್' ಅಂದರೆ ಗಂಟುಮೂಟೆ ಸಮೇತ ಎಂದರ್ಥ. ಆ ಮಾತು ಹುಟ್ಟಿದ್ದೇ ಕೋವಿಯಿಂದ. ಬ್ಯಾರೆಲ್ ಅಂದರೆ ನಳಿಗೆ. ಸ್ಟಾಕ್ ಅಂದರೆ ಮರದ ಹಿಡಿ. ಲಾಕ್ ಅಂದರೆ ಬೀಗವಲ್ಲ, ಹ್ಯಾಮರ್ ಮತ್ತು ಸ್ಪ್ರಿಂಗ್ ಇರುವ ಯಂತ್ರ. ಮೂರೂ ಸೇರಿದರೆ ಕೋವಿ.

ಲಾಕ್ ಒಳಗೆ ಏನಿದೆ ಎಂದು ಒಮ್ಮೆ ನೋಡಿದರೆ ಅದರ ಮೇಲೆ ಪ್ರೀತಿ ಹುಟ್ಟುತ್ತದೆ. ಅಂಗೈಯಷ್ಟು ಉದ್ದದ ಉಕ್ಕಿನ ತಗಡು. ಹೊರಗಡೆ ಹ್ಯಾಮರ್. ಒಳಗಡೆ, ಅದೇ ಅಚ್ಚಿನ ಮೇಲೆ, ಟಂಬ್ಲರ್ ಎಂಬ ಗುಂಡನೆಯ ತುಂಡು. ಟಂಬ್ಲರಿನ ಅಂಚಿನಲ್ಲಿ ಎರಡು ಕಚ್ಚು. ಸಿಯರ್ ಎಂಬ ಸಣ್ಣ ನಾಲಿಗೆ ಈ ಕಚ್ಚಿಗೆ ಸಿಕ್ಕಿಕೊಳ್ಳುತ್ತದೆ. ಇಷ್ಟಕ್ಕೂ ಬಲ ಕೊಡುವುದು ವಿ ಆಕಾರದ ಮುಖ್ಯ ಸ್ಪ್ರಿಂಗ್. ಹ್ಯಾಮರ್ ಹಿಂದಕ್ಕೆ ಎಳೆದರೆ ಮೊದಲು ಒಂದು ಕ್ಲಿಕ್, ಅದು ಅರ್ಧ ಕಾಕ್. ಈ ಕಚ್ಚು ಆಳ. ಟ್ರಿಗರ್ ಎಳೆದರೂ ಸಿಯರ್ ಹೊರಬರಬಾರದು. ಇನ್ನೂ ಎಳೆದರೆ ಎರಡನೇ ಕ್ಲಿಕ್, ಪೂರ್ತಿ ಕಾಕ್. ಇದು ಮೇಲುಮೇಲಿನ ಕಚ್ಚು. ಟ್ರಿಗರ್ ಸಿಯರಿನ ಬಾಲವನ್ನು ತುಸು ಎತ್ತಿದರೂ ಸಾಕು, ಜಾರಿಬಿಡುತ್ತದೆ. ಕೇಪು ಹಾಕುವುದು ಅರ್ಧ ಕಾಕಿನಲ್ಲೇ. ಹಾಗಾಗಿ ಅರ್ಧ ಕಾಕ್ ಸವೆದ ಪಿಸ್ತೂಲನ್ನು ಕೈಯಲ್ಲಿ ಹಿಡಿಯಲೇಬಾರದು.

ಹ್ಯಾಮರ್ ಬಂದು ಬೀಳುವುದು ನಿಪ್ಪಲ್ ಮೇಲೆ. ಪಂಪ್ ಸ್ಟೋವಿನ ನಿಪ್ಪಲ್ ನೆನಪಿದೆಯಾ? ಸೀಮೆಎಣ್ಣೆ ಕಟ್ಟಿದಾಗ ಪಿನ್ ಚುಚ್ಚಿ ಬಿಡಿಸುತ್ತಿದ್ದೆವಲ್ಲ, ಅದೇ. ನಡುವೆ ಕೂದಲಿಗಿಂತ ತುಸು ದಪ್ಪದ ತೂತಿರುವ ಸಣ್ಣ ಮೊಳೆ. ಕೇಪನ್ನು ಅದರ ತಲೆಗೆ ಟೊಪ್ಪಿಯಂತೆ ತೊಡಿಸುತ್ತಾರೆ. ಏಟು ಬಿದ್ದಾಗ ಹುಟ್ಟಿದ ಬೆಂಕಿ ಆ ತೂತಿನಿಂದ ಇಳಿದು ಮದ್ದಿಗೆ ತಾಗುತ್ತದೆ. ಇದೂ ಕಟ್ಟಿಕೊಳ್ಳುತ್ತದೆ, ಇದಕ್ಕೂ ಪಿನ್ ಚುಚ್ಚಬೇಕು. ಹ್ಯಾಮರಿನ ಮೂತಿ ಚಪ್ಪಟೆಯಲ್ಲ. ಸಣ್ಣ ಬಟ್ಟಲಿನಂತೆ ತೋಡಿರುತ್ತದೆ. ಏಕೆಂದರೆ ತಾಮ್ರದ ಕೇಪು ಸಿಡಿದಾಗ ಚೂರಾಗುತ್ತದೆ, ಆ ಚೂರು ಕಣ್ಣಿಗೆ ಹಾರಬಾರದು.

ಈಗ ಅಸಲಿ ವಿಷಯ. ಬಿಡಿಭಾಗ ತರಿಸಿ ಜೋಡಿಸಿದ್ದನ್ನು 'ಅಸಲಿ ಹಳೆ ಮಾದರಿ' ಅನ್ನಬಹುದಾ? ನನಗೂ ಮೊದಲು ಇದು ಮೋಸ ಅನ್ನಿಸಿತ್ತು. ಹಳೆ ಕಾಲದ ಕಮ್ಮಾರ ಎಲ್ಲವನ್ನೂ ತಾನೇ ಬಡಿದು ಮಾಡುತ್ತಿದ್ದ, ನಾವು ಪೆಟ್ಟಿಗೆ ಬಿಚ್ಚಿ ಜೋಡಿಸುತ್ತೇವೆ ಅಂತ.

ಹಾಗೇನಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೋವಿಯವರದೇ ಒಂದು ಪೇಟೆಯಿತ್ತು, ಗನ್ ಕ್ವಾರ್ಟರ್ ಅಂತ. ನಳಿಗೆ ಬೆಸೆಯುವವನು ಒಬ್ಬ, ಲಾಕ್ ಅರದಿಂದ ಉಜ್ಜುವವನು ಒಬ್ಬ, ಮರ ಕೆತ್ತುವವನು ಇನ್ನೊಬ್ಬ. ಲಾಕ್‌ಗಳು ಹತ್ತಿರದ ಡಾರ್ಲಸ್ಟನ್, ವೆಡ್ನೆಸ್ಬರಿಯಿಂದಲೂ ಬರುತ್ತಿದ್ದವು. ನಳಿಗೆಯ ಮೇಲೆ ಹೆಸರು ಕೆತ್ತಿಸಿಕೊಂಡ ಸಾಹೇಬ ಎಷ್ಟೋ ಸಲ ಭಾಗ ಕೊಂಡು ಜೋಡಿಸಿದವನು ಮಾತ್ರ. ಅಮೆರಿಕದ ಹಳ್ಳಿ ಕೋವಿಗಾರರೂ ಅಷ್ಟೇ. ಪೆನ್ಸಿಲ್ವೇನಿಯಾದಲ್ಲಿ ಕೂತು ಬರ್ಮಿಂಗ್‌ಹ್ಯಾಮಿನ ಲಾಕ್ ತರಿಸಿ ಹಾಕುತ್ತಿದ್ದರು. ಕೆಟ್‌ಲ್ಯಾಂಡ್ ಎಂಬ ಮನೆತನದ ಲಾಕ್ ಎಷ್ಟೋ ಅಮೆರಿಕನ್ ಕೋವಿಗಳಲ್ಲಿ ಇವತ್ತಿಗೂ ಸಿಗುತ್ತವೆ. ನಮ್ಮ ಎತ್ತಿನ ಗಾಡಿ ಇದ್ದ ಹಾಗೆ. ಬಡಗಿ ಚಕ್ರ ಮಾಡುತ್ತಿದ್ದ, ಕಮ್ಮಾರ ಅದಕ್ಕೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದ. ಗಾಡಿ ಯಾರದು ಅಂದರೆ ಗೌಡರದು.

ಅಂದರೆ ಭಾಗ ಕೊಂಡು ಕಟ್ಟುವುದೇ ಅಸಲಿ ಪದ್ಧತಿ. ಹಾಗಾದರೆ ತಪ್ಪುವುದು ಎಲ್ಲಿ? ಒಂದೇ ಕಾಲಕ್ಕೆ, ಒಂದೇ ಊರಿಗೆ ಸೇರದ ಭಾಗಗಳನ್ನು ಒಟ್ಟಿಗೆ ಕೂರಿಸಿದಾಗ.

ಪಕ್ಕದ ಮನೆಯವರು ಮೊದಲು ಕೇಳಿದ ಪ್ರಶ್ನೆಯೇ ಅದು. "ಯಾವ ಊರಿನದು, ಯಾವ ಇಸವಿಯದು?" ಸುಮ್ನೆ ಹಳೆ ಪಿಸ್ತೂಲು ಅಂದೆ. ಹಾಗೆಂದರೆ ಯಾವುದೂ ಅಲ್ಲ ಅಂದರು. ಸರಿಯೇ. ನಮ್ಮಲ್ಲಿ ಯಾರಾದರೂ 'ಹಳೆ ದೇವಸ್ಥಾನ' ಕಟ್ಟಿಸುತ್ತೇನೆ ಎಂದು ಹೊಯ್ಸಳರ ಕಂಬಕ್ಕೆ ವಿಜಯನಗರದ ಗೋಪುರ ಕೂರಿಸಿದರೆ ನಗುತ್ತೇವೆ ಅಲ್ವಾ?

ಅಮೆರಿಕದ ಸೈನ್ಯದ 1842ರ ಮಾದರಿಯ ಪಿಸ್ತೂಲು ನೋಡಿ. .54 ಅಂಗುಲದ ಬಾಯಿ, ಒಳಗೆ ನುಣುಪು, ಎಂಟೂವರೆ ಅಂಗುಲದ ನಳಿಗೆ, ಹಿತ್ತಾಳೆ ಪಟ್ಟಿ. ಮದ್ದು ಜಡಿಯುವ ಗಜ ಕಬ್ಬಿಣದ್ದು. ಅದು ಕಳೆದುಹೋಗದಂತೆ ಕೊಂಡಿ ಹಾಕಿ ನಳಿಗೆಗೇ ಕಟ್ಟಿರುತ್ತಾರೆ. ಕುದುರೆ ಮೇಲೆ ಕೂತವನ ಕೈಯಿಂದ ಗಜ ಜಾರಿದರೆ ಇಳಿದು ಹುಡುಕಲಿಕ್ಕಾಗುತ್ತದಾ? ಈಸ್ಟ್ ಇಂಡಿಯಾ ಕಂಪನಿಯ ಸವಾರರ ಪಿಸ್ತೂಲಿನಲ್ಲೂ ಇದೇ ಕೊಂಡಿ ಗಜ. ಇಂಗ್ಲೆಂಡಿನ ದ್ವಂದ್ವಯುದ್ಧದ ಪಿಸ್ತೂಲು ಇನ್ನೊಂದು ಜಾತಿ. ಅಕ್ರೋಟ್ ಮರದ ಹಿಡಿ, ಎಂಟು ಮೂಲೆಯ ದಪ್ಪ ನಳಿಗೆ. ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಗೀರು ಇರಬಾರದು, ಅದು ಮರ್ಯಾದಸ್ಥರ ಲಕ್ಷಣವಲ್ಲ ಎಂಬ ನಂಬಿಕೆ. ಆದರೂ ಕೆಲವರು ಕಣ್ಣಿಗೆ ಕಾಣದಷ್ಟು ತೆಳುವಾಗಿ ಗೀರಿಸಿಕೊಳ್ಳುತ್ತಿದ್ದರು! ಪ್ರಾಣ ಹೋಗುವ ಆಟದಲ್ಲಿ ಮರ್ಯಾದೆ ಎಷ್ಟು ದಿನ.

ನಾನು ಆರಿಸಿಕೊಂಡದ್ದು ಜನ 'ಕೆಂಟಕಿ ಪಿಸ್ತೂಲು' ಅನ್ನುವಂಥದ್ದು. ಹೆಸರು ಕೆಂಟಕಿ, ಹೆಚ್ಚಿನವು ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಿ. ಮೇಪಲ್ ಮರ, ಹಿತ್ತಾಳೆ ಸಾಮಾನು, ಮರದ ಗಜ. 1840ರ ಸುಮಾರು ಎಂದು ಗೊತ್ತುಮಾಡಿಕೊಂಡೆ. ಹಾಗೆ ಗೊತ್ತುಮಾಡಿದ ಕೂಡಲೇ ಅರ್ಧ ತಲೆನೋವು ಕಡಿಮೆಯಾಯಿತು. ನಿಪ್ಪಲ್ ಎಲ್ಲಿ ಕೂರಬೇಕು? ಆ ಕಾಲದ ಹಳ್ಳಿ ಕೋವಿಗಳಲ್ಲಿ ನಳಿಗೆಯ ಪಕ್ಕಕ್ಕೆ ಡ್ರಮ್ ಎಂಬ ಗಿಡ್ಡ ಉರುಳೆಯನ್ನು ತಿರುಪಿ, ಅದರ ಮೇಲೆ ನಿಪ್ಪಲ್ ಕೂರಿಸುತ್ತಿದ್ದರು. ಚಕಮಕಿ ಕೋವಿಯನ್ನು ಕೇಪಿಗೆ ಬದಲಿಸುವಾಗಲೂ ಇದೇ ದಾರಿ. ಹಳೆ ಕಿಡಿ ತೂತು ಇದ್ದಲ್ಲೇ ಡ್ರಮ್. ಹಾಗಾಗಿ ನನ್ನದಕ್ಕೂ ಡ್ರಮ್.

ನಳಿಗೆಯ ಮಾತು ಬಂತು. ಅದನ್ನು ಮನೆಯಲ್ಲಿ ಮಾಡಬಾರದು, ಬದಲಿಸಲೂಬಾರದು. ಇದರಲ್ಲಿ ಎರಡು ಮಾತಿಲ್ಲ. ಸ್ಫೋಟ ಆಗುವುದು ಕಣ್ಣಿನಿಂದ ಒಂದು ಮೊಳ ದೂರದಲ್ಲಿ. ಲಂಡನ್ನಿನ ಕೋವಿಗಾರರ ಸಂಘಕ್ಕೆ 1637ರಲ್ಲಿ, ಬರ್ಮಿಂಗ್‌ಹ್ಯಾಮಿಗೆ 1813ರಲ್ಲಿ ನಳಿಗೆ ಪರೀಕ್ಷೆಯ ಅಧಿಕಾರ ಸಿಕ್ಕಿತು. ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹೊಡೆದು, ಸೀಳದೆ ಉಳಿದರೆ ಮುದ್ರೆ ಒತ್ತುತ್ತಾರೆ. ಇಟಲಿಯ ಗಾರ್ಡೋನೆ ವಾಲ್ ಟ್ರೋಂಪಿಯಾದಿಂದ ಬರುವ ಇವತ್ತಿನ ನಕಲು ಕೋವಿಗಳ ಮೇಲೂ ಇಂಥ ಮುದ್ರೆ ಇರುತ್ತದೆ. 'ಪಿ ಎನ್' ಎಂಬ ಎರಡಕ್ಷರ ಕಂಡರೆ ಪೋಲ್ವೆರೆ ನೇರಾ, ಅಂದರೆ ಕರಿಮದ್ದು ಮಾತ್ರ ಎಂದರ್ಥ. ಅಮೆರಿಕದಲ್ಲಿ ಇಂಥ ಸರ್ಕಾರಿ ಪರೀಕ್ಷಾಲಯ ಇಲ್ಲ. ಆದ್ದರಿಂದ ಹೆಸರು ಉಳಿಸಿಕೊಂಡ ನಳಿಗೆ ತಯಾರಕರಿಂದ ಹಿಂಭಾಗ ಮುಚ್ಚಿ ಸಿದ್ಧವಾದದ್ದನ್ನೇ ಕೊಂಡೆ.

ಜೋಡಿಸುವಾಗ ಯಾವುದು ಮೊದಲು? ಎಲ್ಲಕ್ಕೂ ನಿಪ್ಪಲ್ಲೇ ಧ್ರುವನಕ್ಷತ್ರ. ಮೊದಲು ನಳಿಗೆಯನ್ನು ಮರದೊಳಗೆ ಕೂರಿಸಬೇಕು. ಹಿಂದೆಮುಂದೆ ಒಂದು ಕಾಗದದಷ್ಟೂ ಅಲ್ಲಾಡಬಾರದು. ಅಲ್ಲಿಗೆ ನಿಪ್ಪಲ್ಲಿನ ಜಾಗ ಗಟ್ಟಿ. ಹ್ಯಾಮರ್ ಅದರ ಮೇಲೆ ನೆಟ್ಟಗೆ ಬೀಳುವಂತೆ ಲಾಕಿನ ಜಾಗ ಗೊತ್ತಾಗುತ್ತದೆ. ಓರೆಯಾಗಿ ಬಿದ್ದರೆ ಬಟ್ಟಲಿನ ಅಂಚಷ್ಟೇ ತಾಗುತ್ತದೆ. ಆಗ ಕೇಪು ಸಿಡಿಯುವುದಿಲ್ಲ, ಸಿಡಿದರೆ ಚೂರು ಹೊರಗೆ. ಲಾಕ್ ಕೂತ ಮೇಲೆ ಸಿಯರಿನ ಬಾಲ ಎಲ್ಲಿದೆಯೋ ಅದರ ಕೆಳಗೆ ಟ್ರಿಗರ್. ಟ್ರಿಗರಿನ ಅಚ್ಚು ಎಷ್ಟು ಮೇಲಿದ್ದು ಸಿಯರಿಗೆ ಹತ್ತಿರವಾದರೆ ಎಳೆತ ಅಷ್ಟು ಹಗುರ. ಇದನ್ನು ತಿರುಗುಮುರುಗು ಮಾಡಿದವರು ಕೊನೆಗೆ ಹ್ಯಾಮರನ್ನು ಬಿಸಿಮಾಡಿ ಬಗ್ಗಿಸುತ್ತಾ ಕೂರಬೇಕು.

ಲಾಕ್ ಕೂರಿಸುವುದಿದೆಯಲ್ಲ, ಅದು ಮೂರು ವಾರ ತಿಂದಿತು. ಉಪಾಯ ಬಹಳ ಹಳೆಯದು. ಲಾಕಿನ ತಗಡಿಗೆ ದೀಪದ ಮಸಿ ಹಚ್ಚುವುದು. ಮನೆಯಲ್ಲಿ ಕಾಡಿಗೆ ಹಿಡಿಯುವ ಹಾಗೆ ದೀಪದ ಮೇಲೆ ಹಿಡಿದರೆ ಸಾಕು. ಅದನ್ನು ಮರದ ಗೂಡಿಗೆ ಮೆಲ್ಲಗೆ ಒತ್ತಿ ತೆಗೆಯುವುದು. ಮರದ ಮೇಲೆ ಎಲ್ಲಿ ಕಪ್ಪು ಅಂಟಿದೆಯೋ ಅಲ್ಲಿ ಮಾತ್ರ ತಡೆಯುತ್ತಿದೆ ಎಂದರ್ಥ. ಆ ಕಪ್ಪನ್ನಷ್ಟೇ ಉಳಿಯಿಂದ ಹೆರೆಯಬೇಕು, ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಹೆರೆ. ಸ್ಪ್ರಿಂಗಿಗೊಂದು ಗೂಡು, ಟಂಬ್ಲರ್ ತಿರುಗಲು ಇನ್ನೊಂದು, ಪ್ರತಿ ಸ್ಕ್ರೂ ತಲೆಗೂ ಒಂದೊಂದು. ಒಂದು ಭಾನುವಾರ ಸಂಜೆ ಬೇಗ ಮುಗಿಸೋಣ ಎಂದು ಕಪ್ಪು ಇಲ್ಲದ ಕಡೆಯೂ ಒಂದೇ ಒಂದು ಸಲ ಉಳಿ ಹಾಕಿದೆ. ತಗಡಿನ ಹಿಂಬದಿಗೆ ಕಾಳಿನಷ್ಟು ಸಂದು ಬಿತ್ತು. ತೋಡಿದ ಮರ ವಾಪಸ್ ಬರುವುದಿಲ್ಲ. ಪಕ್ಕದ ಮನೆಯವರು ನೋಡಿ ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು.

ಮರಕ್ಕೆ ಬಣ್ಣ ಹಚ್ಚುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಅಂಗಡಿಯ ಹೊಳೆಯುವ ವಾರ್ನಿಷ್ ಬಳಿದರೆ ಪಿಸ್ತೂಲು ಪ್ಲಾಸ್ಟಿಕ್ ಗೊಂಬೆಯಾಗುತ್ತದೆ. ಮೇಪಲ್ಲಿಗೆ ಅಂದಿನವರು ಕಬ್ಬಿಣ ಕರಗಿಸಿದ ನೈಟ್ರಿಕ್ ಆಮ್ಲ ಸವರಿ ಬಿಸಿ ತೋರಿಸುತ್ತಿದ್ದರು. ನೋಡನೋಡುತ್ತಿದ್ದಂತೆ ಬಿಳಿ ಮರ ಕೆಂಪು ಕಂದಾಗಿ, ಒಳಗಿದ್ದ ಹುಲಿಪಟ್ಟೆ ಮೇಲೇಳುತ್ತದೆ. ಅದರ ಮೇಲೆ ಅಗಸೆ ಎಣ್ಣೆ, ಅಂಗೈಯಲ್ಲಿ ಉಜ್ಜಿ ಉಜ್ಜಿ.

ನಳಿಗೆಗೆ ಇನ್ನೂ ತಮಾಷೆ. ಅದಕ್ಕೆ ಬೇಕಂತಲೇ ತುಕ್ಕು ಹಿಡಿಸುತ್ತಾರೆ. ಜಿಡ್ಡು ಪೂರ್ತಿ ತೆಗೆದು, ತುಕ್ಕು ತರುವ ದ್ರಾವಣ ಸವರಿ, ತೇವದ ಪೆಟ್ಟಿಗೆಯಲ್ಲಿ ನೇತುಹಾಕುತ್ತಾರೆ. ಮಾರನೇ ದಿನ ಮೇಲಿನ ಪುಡಿ ತುಕ್ಕು ಉಜ್ಜಿ ತೆಗೆದು ಮತ್ತೆ ಸವರುತ್ತಾರೆ. ಹೀಗೆ ದಿನಗಟ್ಟಲೆ. ಬೇಕಾದ ಕಂದು ಬಂದ ಮೇಲೆ ಸೋಡಾ ನೀರಲ್ಲಿ ತೊಳೆದು ಎಣ್ಣೆ ಹಚ್ಚಿದರೆ ನಿಲ್ಲುತ್ತದೆ. ಓಹಾಯೋದ ಚಳಿಗಾಲದಲ್ಲಿ ಇದಕ್ಕೆ ಪೆಟ್ಟಿಗೆ, ಬಿಸಿನೀರು ಎಲ್ಲ ಬೇಕು. ಆಗುಂಬೆಯಲ್ಲಾದರೆ ಜುಲೈ ತಿಂಗಳಲ್ಲಿ ಜಗಲಿಯ ಮೇಲಿಟ್ಟರೆ ಸಾಕಿತ್ತು.

ಸ್ಕ್ರೂ ಒಂದು ಮರೆಯಬಾರದು. ತಲೆಯಲ್ಲಿ ಪ್ಲಸ್ ಗುರುತಿನ ಸ್ಕ್ರೂ ಬಂದದ್ದು 1930ರ ದಶಕದಲ್ಲಿ. ಎಷ್ಟೇ ಚಂದದ ಕೆಲಸವಿರಲಿ, 1840ರ ಪಿಸ್ತೂಲಿನಲ್ಲಿ ಅಂಥ ಒಂದು ಸ್ಕ್ರೂ ಕಂಡರೆ ಯಕ್ಷಗಾನದ ಅರ್ಜುನ ಕೈಗಡಿಯಾರ ಕಟ್ಟಿಕೊಂಡು ಬಂದ ಹಾಗೆ. ಒಂದೇ ಗೀರಿನದ್ದೇ ಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಒಂದು ಆಸೆ ಹುಟ್ಟುತ್ತದೆ, ಇದು ನಿಜವಾಗಿಯೂ ಹಳೆಯದೇ ಅನ್ನಿಸಬೇಕು ಅಂತ. ಕೆಲವರು ನಳಿಗೆಯ ಮೇಲಿನ ಇವತ್ತಿನ ಮುದ್ರೆಯನ್ನು ಅರದಿಂದ ಉಜ್ಜಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಇವತ್ತಿನ ಹವ್ಯಾಸ ನಾಳೆ ಯಾರದೋ ಕೈಯಲ್ಲಿ ಖೋಟಾ ಆಗುತ್ತದೆ.

ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಕಟ್ಟುತ್ತಿದ್ದ ಅಂಗೈಯಗಲದ ಕೇಪಿನ ಪಿಸ್ತೂಲನ್ನು ಅವರು ಬದುಕಿರುವಾಗಲೇ ಕಂಡಕಂಡವರು ನಕಲು ಮಾಡಿದರು. ಕೆಲವರು ಅವರ ಹೆಸರಿನ ಮುದ್ರೆಯನ್ನೂ ಬಿಡಲಿಲ್ಲ, ಕೋರ್ಟಿಗೂ ಹೋಯಿತು. 1865ರ ಏಪ್ರಿಲ್ 14ರಂದು ಫೋರ್ಡ್ಸ್ ಥಿಯೇಟರಿನಲ್ಲಿ ಅಬ್ರಹಾಂ ಲಿಂಕನ್ ಅವರ ಮೇಲೆ ಜಾನ್ ವಿಲ್ಕ್ಸ್ ಬೂತ್ ಹಾರಿಸಿದ್ದು ಡೆರಿಂಜರ್ ಪಿಸ್ತೂಲಿನಿಂದಲೇ. ಅದು ಈಗ ಅದೇ ಥಿಯೇಟರಿನ ಮ್ಯೂಸಿಯಮ್ಮಿನಲ್ಲಿದೆ. ಅಸಲಿಯನ್ನು ಕದ್ದು ನಕಲಿ ಇಟ್ಟಿದ್ದಾರೆ ಎಂಬ ಗುಮಾನಿ ಎದ್ದಾಗ 1997ರಲ್ಲಿ ಎಫ್‌ಬಿಐ ಪ್ರಯೋಗಾಲಯ ಅದನ್ನು ಪರೀಕ್ಷಿಸಿತು. ಅವರು ನೋಡಿದ್ದು ಹೊಳಪನ್ನಲ್ಲ. 1930ರ ದಶಕದ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡು ಮರದ ಎಳೆ, ಮರದ ಬಿರುಕು, ಲೋಹದ ಗೀರು ಹೋಲಿಸಿದರು. ಅದೇ ಪಿಸ್ತೂಲು ಎಂದು ಗೊತ್ತಾಯಿತು.

ಆ ಕತೆ ಹೇಳಿದ ದಿನವೇ ಪಕ್ಕದ ಮನೆಯವರು ತಮ್ಮ ಪಿಸ್ತೂಲು ಬಿಚ್ಚಿ ನಳಿಗೆಯ ಅಡಿ ತೋರಿಸಿದರು. ಮರದೊಳಗೆ ಅಡಗುವ ಜಾಗದಲ್ಲಿ ಹೆಸರಿನ ಮೊದಲಕ್ಷರ, ಕಟ್ಟಿದ ಇಸವಿ. ಮುಚ್ಚಿದರೆ 1840, ಬಿಚ್ಚಿದರೆ ಮೊನ್ನೆ. ನಾನೂ ಹಾಗೇ ಮಾಡಿದೆ. ಅಕ್ಷರ ಒತ್ತುವ ಉಳಿ ಕನ್ನಡದಲ್ಲಿ ಸಿಗುವುದಿಲ್ಲವಲ್ಲ, ಅದಕ್ಕೆ ಚೂಪು ಮೊನೆಯಿಂದ ಗೀರಿ ಅಜ್ಜನ ಹೆಸರಿನ ಒಂದು ಅಕ್ಷರ ಬರೆದೆ. ಲಾಕಿನ ಹಿಂದಿನ ಸಂದನ್ನು ಮುಚ್ಚಲಿಲ್ಲ. ಮುಂದೆ ಯಾರಾದರೂ ಇದನ್ನು ಬಿಚ್ಚಿ, ಪೆನ್ಸಿಲ್ವೇನಿಯಾದ ಪಿಸ್ತೂಲಿನಲ್ಲಿ ಈ ಗುಂಡಗಿನ ಅಕ್ಷರ ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಳ್ಳಬಹುದು. ಪಕ್ಕದಲ್ಲೇ ಇಸವಿ ಇದೆ.